ಮೂಗುಬೊಟ್ಟು ಮತ್ತು ಮೂರು ಗೋಲು

ಆವತ್ತು ನಮ್ಮ ಹುಡುಗಿಯರು ಹಾಕಿ ಆಡಿ ಗೆಲ್ಲಲಿಲ್ಲ. ನಾನು ಚಾಡಿ ಹೇಳಿ ಗೆಲ್ಲಿಸಿದೆ.

ಮಗಳ ಮನೆ ಫ್ರಿಜ್ಜಿನ ಮೇಲೆ ಆ ಟೀಮಿನ ಫೋಟೋ ಅಂಟಿಸಿದ್ದಾರೆ. ಮಧ್ಯದಲ್ಲಿ ಹಲ್ಲು ಬಿಟ್ಟುಕೊಂಡು ನಿಂತವಳು ನನ್ನ ಮೊಮ್ಮಗಳು ನಿಧಿ. ಹಾಲು ತೆಗೆಯೋಕೆ ಹೋದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತೆ. ಮನೆಯವರಿಗೆ ಹೇಳೋಕೆ ಆಗಲಿಲ್ಲ, ನಿಮಗಾದರೂ ಹೇಳಿಬಿಡ್ತೀನಿ.

ಈ ನ್ಯೂಜಿಲೆಂಡಿನಲ್ಲಿ ಹೈಸ್ಕೂಲಿಗೇ ಕಾಲೇಜು ಅಂತಾರೆ. ಹದಿಮೂರು ವರ್ಷಕ್ಕೇ ಮೊಮ್ಮಗಳು ಕಾಲೇಜು ಸೇರಿದಳು ಅಂತ ಮೈಸೂರಿನ ತಂಗಿಗೆ ಫೋನು ಮಾಡಿ ಜಂಬ ಕೊಚ್ಚಿದ್ದೆ. ಆಮೇಲೆ ನಿಜ ಗೊತ್ತಾಯ್ತು. ತಂಗಿಗೆ ಇವತ್ತಿಗೂ ಹೇಳಿಲ್ಲ.

ಆ ಕಾಲೇಜಿನ ಹಾಕಿ ಕೋಚು ಒಬ್ಬ ಉದ್ದನೆ ಮನುಷ್ಯ. ಜೇಬಿನಲ್ಲಿ ಸದಾ ನಿಯಮದ ಪುಸ್ತಕ. ಹುಡುಗಿಯರಿಗೆ ಓಡೋದು ಕಲಿಸಿದ್ದಕ್ಕಿಂತ ಅದನ್ನು ತಿರುವಿ ಹಾಕಿದ್ದೇ ಹೆಚ್ಚು. ಒಂದು ಶನಿವಾರ ಎದುರು ಟೀಮಿನವಳ ಕಾಲುಚೀಲದ ಬಣ್ಣ ಬೇರೆ ಅಂತ ಹೊರಗೆ ಕೂರಿಸಿದ. ಇನ್ನೊಂದು ಶನಿವಾರ ಅಂಗಿಯ ನಂಬರಿಗೂ ಹಾಳೆಯಲ್ಲಿ ಬರೆದಿದ್ದಕ್ಕೂ ತಾಳೆ ಆಗಲ್ಲ ಅಂತ ತಗಾದೆ ತೆಗೆದ. ಬೇರೆ ಅಪ್ಪ ಅಮ್ಮಂದಿರು ಮುಖ ಮುಖ ನೋಡಿಕೊಂಡರು. ನಾನು ಚಪ್ಪಾಳೆ ತಟ್ಟಿದೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಪುಸ್ತಕ ಓದಿದರೆ ಇಷ್ಟು ಲಾಭ ಇದೆ ಅಂತ ಕಣ್ಣಾರೆ ಕಂಡಿದ್ದು ಅಲ್ಲೇ.

ಸೆಮಿಫೈನಲ್ ದಿನ ಮೂಳೆ ಕೊರೆಯೋ ಚಳಿ. ಬೆಂಚಿನಲ್ಲಿ ನನ್ನ ಪಕ್ಕ ಕೂತವಳು ಎದುರು ಟೀಮಿನ ಹುಡುಗಿಯೊಬ್ಬಳ ಅಜ್ಜಿ, ಫಿಜಿ ಕಡೆಯವಳು. ಅವಳದು ಫಿಜಿ ಹಿಂದಿ, ನನ್ನದು ಮೈಸೂರು ಮಂಡಿಮೊಹಲ್ಲಾದ ಹರಕು ಹಿಂದಿ. ಆದರೂ ಮಾತಿಗೇನೂ ಬರ ಬರಲಿಲ್ಲ. ಅವಳ ಫ್ಲಾಸ್ಕಿನ ಟೀ ನಾನು ಕುಡಿದೆ, ನನ್ನ ಕೋಡುಬಳೆ ಅವಳು ಕಡಿದಳು.

ಅವಳ ಮೊಮ್ಮಗಳು ಪ್ರಿಯಾ ಜಿಂಕೆ ಥರ ಓಡ್ತಿದ್ದಳು. ಅರ್ಧ ಆಟಕ್ಕೇ ಎರಡು ಗೋಲು ಹೊಡೆದಳು. ನಮ್ಮವರದು ಸೊನ್ನೆ.

"ಅವಳ ಮೂಗಿನ ಮೇಲೆ ಏನದು ಪಟ್ಟಿ? ಗಾಯ ಆಗಿದೆಯಾ?" ಅಂದೆ.

ಅವಳು ನನ್ನ ಕಿವಿಗೆ ಬಾಗಿದಳು. "ಗಾಯ ಅಲ್ಲ ಬೆಹೆನ್. ಅವಳ ಅಕ್ಕನ ಮದುವೆಗೆ ಅಂತ ಮೂಗು ಚುಚ್ಚಿಸಿದೆ, ನಾಲ್ಕು ದಿನ ಆಯ್ತು. ತೆಗೆದರೆ ತೂತು ಮುಚ್ಚಿಹೋಗುತ್ತೆ. ಆಟದಲ್ಲಿ ಒಡವೆ ಹಾಕೋ ಹಾಗಿಲ್ವಂತೆ. ಈ ವರ್ಷಕ್ಕೆ ಅವಳ ಕಾಲೇಜು ಮುಗೀತು, ಒಂದು ಸಲ ಫೈನಲ್ ಆಡಲಿ ಅಂತ ಮುಚ್ಚಿ ಕಳಿಸಿದೀನಿ. ಯಾರಿಗೂ ಹೇಳಬೇಡ."

"ಛೆ, ನಾನ್ಯಾಕೆ ಹೇಳಲಿ," ಅಂದೆ.

ಹೇಳಲಿಲ್ಲ, ನಿಜ. ಮಧ್ಯದ ಬಿಡುವಿನಲ್ಲಿ ನಮ್ಮ ಹುಡುಗಿಯರಿಗೆ ಕಿತ್ತಳೆ ಹೋಳು ಕೊಡೋಕೆ ಹೋದೆ. ಕೋಚು ಮುಖ ಸಪ್ಪಗೆ ಮಾಡಿಕೊಂಡು ಒಂದು ಕಡೆ ನಿಂತಿದ್ದ. ಅವನ ಮುಂದೆ ನಿಂತು ನನ್ನ ಮೂಗುಬೊಟ್ಟು ಮುಟ್ಟಿ ತೋರಿಸಿದೆ, ಆಮೇಲೆ ಪ್ರಿಯಾ ಕಡೆ ಬೆರಳು ಮಾಡಿದೆ. ಅಷ್ಟೇ. ನಾಲ್ಕು ವರ್ಷದಲ್ಲಿ ಅವನಿಗೆ ನನ್ನದೊಂದು ಮಾತು ಅರ್ಥ ಆಗಿದ್ದು ಅದೇ ಮೊದಲು. ಹೆಬ್ಬೆರಳು ಎತ್ತಿ, "ಗುಡ್ ಆನ್ ಯೂ, ಅಜ್ಜೀ!" ಅಂದ. ನಾನು ಬಲೂನಿನ ಹಾಗೆ ಉಬ್ಬಿ ವಾಪಸು ಬಂದು ಅದೇ ಫ್ಲಾಸ್ಕಿನಿಂದ ಇನ್ನೊಂದು ಲೋಟ ಟೀ ಬಗ್ಗಿಸಿಕೊಂಡೆ.

ಅವನು ಪುಸ್ತಕ ಹಿಡಿದು ಅಂಪೈರ್ ಹತ್ತಿರ ಹೋದ. ಪಟ್ಟಿ ಬಿಚ್ಚಿಸಿದರು. ತೆಗೆದರೆ ಆಡಬಹುದು, ಇಲ್ಲದಿದ್ದರೆ ಇಲ್ಲ ಅಂದರು. ಪ್ರಿಯಾ ನಮ್ಮ ಬೆಂಚಿಗೆ ಓಡಿ ಬಂದಳು.

"ತೆಗಿ ನಾನಿ, ಬೇಗ ತೆಗಿ!"

ಚಳಿಗೆ ಮರಗಟ್ಟಿದ ಬೆರಳಲ್ಲಿ ಆ ಮುದುಕಿ ತಿರುಪು ಬಿಚ್ಚೋಕೆ ಒದ್ದಾಡಿದಳು. ಹುಡುಗಿ ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಹಸಿ ಮೂಗು. ಬೊಟ್ಟು ಬಂತು, ಜೊತೆಗೆ ರಕ್ತವೂ ಬಂತು. ನಮ್ಮ ಕೋಚು ಪುಸ್ತಕದ ಇನ್ನೊಂದು ಪುಟ ತೆಗೆದ. ರಕ್ತ ನಿಲ್ಲೋವರೆಗೆ ಮೈದಾನಕ್ಕೆ ಕಾಲಿಡೋ ಹಾಗಿಲ್ಲ.

ಅದು ನಿಲ್ಲೋ ಹೊತ್ತಿಗೆ ನಮ್ಮವರು ಮೂರು ಗೋಲು ಹೊಡೆದು ಆಟ ಮುಗಿಸಿದ್ದರು.

ಕಾರಿನಲ್ಲಿ ನಿಧಿ, "ಕೋಚ್‌ಗೆ ಹೇಗೆ ಗೊತ್ತಾಯ್ತು? ದಟ್ ವಾಸ್ ಸೋ ಮೀನ್," ಅಂದಳು. ಫೈನಲ್ ಮುಟ್ಟಿದ ಹುಡುಗಿಯ ಮುಖದಲ್ಲಿ ಕಳೆಯೇ ಇರಲಿಲ್ಲ.

"ನನಗೇನೇ ಗೊತ್ತು," ಅಂದೆ. ಆಮೇಲೆ ಕೋಡುಬಳೆ ಡಬ್ಬಿ ಮಡಿಲಲ್ಲಿ ಇಟ್ಟುಕೊಂಡು ಮನೆ ಬರೋವರೆಗೂ ಕಿಟಕಿ ಆಚೆ ನೋಡ್ತಾ ಕೂತೆ.

ಮಾರನೇ ದಿನ ಭಾನುವಾರ. ಹೆಂಡರ್ಸನ್ ಸಂತೆಯಲ್ಲಿ ತರಕಾರಿ ಅಂಗಡಿ ಹಾಕ್ತೀನಿ ಅಂತ ಆ ಫಿಜಿ ಅಜ್ಜಿ ಟೀ ಕುಡಿಯುವಾಗ ಹೇಳಿದ್ದಳು. ಬೆಳಗ್ಗೆ ಎದ್ದು ಸ್ನಾನ ಮಾಡಿ, ಅಳಿಯನನ್ನು ಎಬ್ಬಿಸಿ, ಸೊಪ್ಪು ಬೇಕು ಅಂತ ಸುಳ್ಳು ಹೇಳಿ ಕಾರು ತೆಗೆಸಿದೆ. ಅಂಗಡಿ ಮುಂದೆ ಜನ ಸಾಲಾಗಿ ನಿಂತಿದ್ದರು. ನುಗ್ಗಿಕೊಂಡು ಎದುರಿಗೇ ಹೋಗಿ ನಿಂತೆ.

"ಹೇಳಿದ್ದು ನಾನು," ಅಂದೆ.

ಅವಳು ಬೆಂಡೆಕಾಯಿ ತೂಗ್ತಾನೇ ಇದ್ದಳು. "ಗೊತ್ತು. ನಿನ್ನ ಬಿಟ್ಟು ನಾನು ಇನ್ಯಾರಿಗೆ ಹೇಳಿದ್ದೆ?" ತಲೆ ಎತ್ತದೆ ಹಿಂದಕ್ಕೆ ಕೈ ತೋರಿಸಿದಳು. "ನನಗೇನು ಹೇಳ್ತೀಯ, ಅವಳಿಗೆ ಹೇಳು."

ಹಿಂದೆ ಪ್ರಿಯಾ ಕೆಸುವಿನಗೆಡ್ಡೆ ಜೋಡಿಸ್ತಿದ್ದಳು. ಮೂಗು ಊದಿ ಕೆಂಪಗಾಗಿತ್ತು. ರಾತ್ರಿಯೆಲ್ಲ ಹೊಂದಿಸಿಟ್ಟುಕೊಂಡಿದ್ದ ಹಿಂದಿ ಮರೆತೇಹೋಯ್ತು. ಬಂದಿದ್ದು ಎರಡು ಇಂಗ್ಲಿಷು ಪದ.

"ಐ ಟೋಲ್ಡ್."

ಹುಡುಗಿ ನನ್ನ ಮುಖ ನೋಡಿದಳು, ನನ್ನ ಮೂಗುಬೊಟ್ಟು ನೋಡಿದಳು, ಕೈಲಿದ್ದ ಬ್ಯಾಗು ನೋಡಿದಳು.

"ಆಂಟಿ," ಅಂದಳು, "ಕ್ಯೂ ಅಲ್ಲಿಂದ ಶುರು."

ಹೋಗಿ ಎಲ್ಲರ ಹಿಂದೆ ನಿಂತುಕೊಂಡೆ.