ಮನೆಕೆಲಸದವಳ ಸಮೇತ ಸ್ವಾವಲಂಬನೆ

ಗೆಳೆಯರೇ, ಇವತ್ತು ಬೆಳಿಗ್ಗೆ ಸ್ಪ್ರಿಂಗ್ ವ್ಯಾಲಿ ಬಡಾವಣೆಯಲ್ಲಿ ನಮ್ಮ ಸ್ಕೌಟ್ ಮಕ್ಕಳು ಬಸ್ ಹತ್ತುವಾಗ, ಹತ್ತು ವರ್ಷದ ಅನಘಾಳ ಶೂ ಲೇಸನ್ನು ಮನೆಕೆಲಸದ ಗ್ರೇಸ್ ಮಂಡಿಯೂರಿ ಕಟ್ಟುತ್ತಿದ್ದಳು. ನಾವು ಹೊರಟಿದ್ದದ್ದು ಒಂದು ರಾತ್ರಿಯ ಶಿಬಿರಕ್ಕೆ, ಮಕ್ಕಳು ಸ್ವಾವಲಂಬನೆ ಕಲಿಯಲೆಂದು.

"ಗ್ರೇಸೂ ಬರ್ತಾಳೆ ಕಣಮ್ಮಾ," ಎಂದು ನನಗೆ ಹೇಳಿದರು ಅನಘಾಳ ತಾಯಿ ಶೈಲಾ ಆಂಟಿ. "ಟೆಂಟ್ ಹಾಕೋದು, ತಟ್ಟೆ ತೊಳೆಯೋದು ಎಲ್ಲಾ ಅವಳು ನೋಡ್ಕೋತಾಳೆ. ನೀನು ಅನಘಾಗೆ ಬ್ಯಾಡ್ಜ್ ಕೊಡೋದು ಮಾತ್ರ ಮರೀಬೇಡ."

"ಮಮ್ಮಿ, ಐ ಕ್ಯಾನ್ ಡೂ ಇಟ್!" ಎಂದಳು ಅನಘಾ.

"ಸುಮ್ನಿರು, ಕೈಯೆಲ್ಲಾ ಕೊಳೆ ಆಗತ್ತೆ."

ಶಿಬಿರದ ಮೇಲ್ವಿಚಾರಕಿಯಾದ ನಾನು ಎಂದಿನಂತೆ "ಆಯ್ತು ಆಂಟಿ" ಎಂದು ಗ್ರೇಸಳನ್ನೂ ಬಸ್ ಹತ್ತಿಸಿಕೊಂಡೆ. ಇವತ್ತು ತನ್ನ ರಜಾದಿನ, ಊರಿನ ಇನ್ನೊಂದು ತುದಿಯ ಕಸರಾನಿಯಲ್ಲಿ ತನ್ನ ಮಗಳು ಕಾಯುತ್ತಿದ್ದಾಳೆ ಎಂದು ಗ್ರೇಸ್ ಬಸ್ಸಿನಲ್ಲಿ ಮೆಲ್ಲಗೆ ಹೇಳಿದಳು. ಮುಂದಿನ ನಿಲ್ದಾಣದಲ್ಲೇ ಅವಳನ್ನು ಇಳಿಸಿ, ಮನೆ ಕಡೆ ಹೋಗುವ ಮಟಾಟು ವ್ಯಾನ್ ಹತ್ತಿಸಿದೆ.

ಸಂಜೆ ಅನಘಾ ಒಬ್ಬಳೇ ಟೆಂಟ್ ಹಾಕಿದಳು. ಎರಡು ಸಲ ಬಿತ್ತು. ಮೂರನೆಯ ಸಲ ಸೊಟ್ಟಗೆ ನಿಂತಿತು. ಅವಳು ಕುಣಿದದ್ದೇ ಕುಣಿದದ್ದು. ಟೆಂಟಿನ ಫೋಟೋ ತೆಗೆದು ಆಂಟಿಗೆ ಕಳಿಸಿದೆ. ತಕ್ಷಣ ಉತ್ತರ ಬಂತು: "ಗ್ರೇಸ್‌ಗೆ ಸ್ವಲ್ಪ ಬೈಯಮ್ಮಾ, ಒಂದು ಟೆಂಟ್ ನೆಟ್ಟಗೆ ಹಾಕಕ್ಕೆ ಬರಲ್ಲ ಅವಳಿಗೆ. ನಮ್ಮ ಅನಘಾನೇ ಹಾಕಿದ್ರೆ ಇನ್ನೂ ಚೆನ್ನಾಗಿರೋದು."

ಇಷ್ಟು ದಿನ ಎಲ್ಲದಕ್ಕೂ "ಆಯ್ತು ಆಂಟಿ" ಎಂದವಳು ನಾನು. ನಾಳೆ ಮಗುವನ್ನು ಒಪ್ಪಿಸುವಾಗ, ಗ್ರೇಸಳನ್ನು ಮನೆಗೆ ಕಳಿಸಿದ್ದು ನಾನೇ, ಬೈಯಬೇಕಾದದ್ದು ನಿಮ್ಮ ಮಗಳನ್ನೇ ಎಂದು ಎದುರಿಗೇ ಹೇಳಲು ತೀರ್ಮಾನಿಸಿದ್ದೇನೆ.