ತಲೆ ತುಂಬಿದ ಮೂರು ಪಾವು ಮೈದಾ

ನಂಜನಗೂಡಿನ ನಮ್ಮ ಮನೆಯಲ್ಲಿ ಪಾವಿನ ತಲೆ ಸವರುವ ಪದ್ಧತಿ ಇಲ್ಲ. ಅಕ್ಕಿಯಾಗಲಿ ಹಿಟ್ಟಾಗಲಿ, ಪಾವಿನ ಮೇಲೆ ಗೋಪುರ ನಿಲ್ಲುವಷ್ಟು ತುಂಬಬೇಕು. ಸವರಿ ಅಳೆಯೋದು ಅಂಗಡಿಯವರ ಬುದ್ಧಿ ಅನ್ನೋರು ನಮ್ಮತ್ತೆ. ನಾನು ಓದಿದ್ದು ಮೂರನೇ ಕ್ಲಾಸು, ಕೈ ಕಲಿತಿದ್ದು ಅತ್ತೆ ಹತ್ತಿರ.

ನನ್ನ ವಾರಗಿತ್ತಿಯೂ ಇದೇ ಅಡುಗೆಮನೆಯಲ್ಲಿ ಎಂಟು ವರ್ಷ ಪಾವು ತುಂಬಿದವಳು. ಆಮೇಲೆ ಭಾವ ನರಸೀಪುರದಲ್ಲಿ ಮನೆ ಮಾಡಿದರು. ಅವಳು ಅಲ್ಲಿ ಬೇಕರಿ ತಿಂಡಿ ಕಲಿಸೋ ಕ್ಲಾಸಿಗೆ ಹೋಗಿ, ಚಾಕುವಿನ ಬೆನ್ನಿಂದ ಪಾವಿನ ತಲೆ ಸವರೋದು ಕಲಿತಳು.

ಮೊಮ್ಮಗಳು ಪಿಯುಸಿ ಪಾಸಾದಾಗ ಬಿಸ್ಕತ್ತು ಮಾಡೋಣ ಅಂತ ಅವಳನ್ನೇ ಅಳತೆ ಕೇಳಿದೆ. "ಮೂರು ಪಾವು ಮೈದಾ, ಕಾಲು ಕೆಜಿ ಬೆಣ್ಣೆ" ಅಂದಳು. ಸಕ್ಕರೆನೂ ಹೇಳಿದಳು. ಸವರಬೇಕು ಅನ್ನೋದು ಮಾತ್ರ ಹೇಳಲಿಲ್ಲ. ಬಿಸ್ಕತ್ತು ಕಲ್ಲಾಯಿತು. ವಾರಗಿತ್ತಿ ನೆಂಟರೆದುರಿಗೆ ಒಂದನ್ನು ತಟ್ಟೆಗೆ ಕುಟ್ಟಿ, "ನನ್ನ ಹಲ್ಲು ಸಾಲ್ದು ಕಣವ್ವ. ಅಳತೆ ಹೇಳ್ಕೊಡ್ಬೋದು, ಓದು ಎಲ್ಲಿಂದ ತಂದ್ಕೊಡ್ಲಿ" ಅಂದಳು. ಎಲ್ಲರೂ ನಕ್ಕರು. ಅಲ್ಲಿವರೆಗೆ ಮನೆಯ ಕಾರ್ಯಗಳಿಗೆಲ್ಲ ತಿಂಡಿ ನನ್ನ ಕೈದೇ. ಅವತ್ತಿಂದ ಅವಳದಾಯಿತು.

ಹೋದ ವರ್ಷ ಮೊಮ್ಮಗಳು ಗ್ರಾಂ ತೋರಿಸೋ ತಕ್ಕಡಿ ತಂದಳು. ನನ್ನ ಪಾವು ಮೈದಾ ನೂರ ತೊಂಬತ್ತು ತೂಗಿತು. ಸವರಿದರೆ ನೂರ ನಲವತ್ತು. ಮೂರಕ್ಕೆ ನೂರೈವತ್ತು ಹೆಚ್ಚಾಯಿತು, ಅಂದರೆ ಇನ್ನೊಂದು ಪಾವಿಗಿಂತ ಜಾಸ್ತಿ. ಬಿಸ್ಕತ್ತು ಕಲ್ಲಾಗದೆ ಇನ್ನೇನಾಗುತ್ತೆ.

"ಸವರಿ ಹಾಕಜ್ಜಿ" ಅಂದಳು ಮೊಮ್ಮಗಳು.

"ಕೈ ಕೇಳಲ್ಲ. ಬೆಣ್ಣೆ ಏರ್ಸು."

ಏರಿಸಿ, ಲೆಕ್ಕವನ್ನು ಮೈದಾ ಡಬ್ಬದ ಮುಚ್ಚಳದ ಮೇಲೆ ಬರೆದಳು. ಮೈದಾ ಐನೂರ ಎಪ್ಪತ್ತು, ಬೆಣ್ಣೆ ಮುನ್ನೂರ ನಲವತ್ತು. ಬಿಸ್ಕತ್ತು ಬಾಯಲ್ಲಿ ಕರಗಿತು. ಸುದ್ದಿ ನರಸೀಪುರ ಮುಟ್ಟಿತು.

ವಾರಗಿತ್ತಿಯ ಮೊಮ್ಮಗನ ನಿಶ್ಚಿತಾರ್ಥಕ್ಕೆ ಮುಂಚೆ ಅವಳ ಫೋನು ಬಂತು. "ಬೀಗರ ಮುಂದೆ ಇಡ್ಬೇಕು ಕಣೇ, ನಿನ್ನ ಅಳತೆ ಹೇಳು. ಅಂತೂ ಪಾವಿನ ತಲೆ ಸವರೋದು ಕಲ್ತೆ ಅನ್ನು."

ನನ್ನ ಕೈ ಗೋಪುರ ತುಂಬುತ್ತೆ ಅಂತ ಗೊತ್ತಿದ್ದೇ ಅವತ್ತು ಸುಮ್ಮನಿದ್ದಳು. ಅಲ್ಲಿವರೆಗೆ ಬರೀ ಅನುಮಾನವಿತ್ತು, ಈಗ ಅವಳ ಬಾಯಿಂದಲೇ ಬಂತು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

"ಮೂರು ಪಾವು ಮೈದಾ ಅಕ್ಕ. ಬೆಣ್ಣೆ ಮುನ್ನೂರ ನಲವತ್ತು ಗ್ರಾಂ."

"ಬೆಣ್ಣೆ ಜಾಸ್ತಿ ಆಗಲ್ವೇನೆ?"

"ನಾನು ಹಾಕೋದು ಅಷ್ಟೇ."

ಅದರಲ್ಲಿ ಸುಳ್ಳೇನೂ ಇಲ್ಲ.

ನಿಶ್ಚಿತಾರ್ಥದ ಬೆಳಿಗ್ಗೆ ನಾನು ನರಸೀಪುರಕ್ಕೆ ಹೋದಾಗ ಅವಳ ಓವನ್ನಿಂದ ತಟ್ಟೆ ಈಚೆಗೆ ಬಂದಿತ್ತು. ಬಿಸ್ಕತ್ತೆಲ್ಲ ಕರಗಿ ಹರಿದು, ಒಂದಕ್ಕೊಂದು ಕೂಡಿಕೊಂಡು, ತಟ್ಟೆಯಗಲ ಒಂದೇ ಹಪ್ಪಳ. ಬೀಗರ ಕಾರು ಬಾಗಿಲಿಗೆ ಬಂದಾಗಿತ್ತು. ನಾನು ಚೀಲದಿಂದ ನನ್ನ ಬಿಸ್ಕತ್ತಿನ ಡಬ್ಬ ತೆಗೆದು, ಜೋಡಿಸಿ, ನಾನೇ ಹಂಚಿದೆ. ಹುಡುಗಿಯ ತಾಯಿ ಎರಡನೆಯದಕ್ಕೆ ಕೈ ಹಾಕುತ್ತಾ ಯಾರು ಮಾಡಿದ್ದು ಅಂತ ಕೇಳಿದರು. "ನಾನೇ" ಅಂದೆ. ವಾರಗಿತ್ತಿ ಪಕ್ಕದಲ್ಲೇ ನಿಂತಿದ್ದಳು.

ಅಡುಗೆಮನೆಗೆ ಬಂದ ಮೇಲೆ, "ಏನು ಬಿಟ್ಟು ಹೇಳ್ದೆ?" ಅಂದಳು.

"ನೀನು ಬಿಟ್ಟಿದ್ದನ್ನೇ ಅಕ್ಕ."

"ನಾನು ಸವರಿಯೇ ಹಾಕಿದ್ನಲ್ಲೇ" ಅಂತ ಅವಳು ತಟ್ಟೆಯ ಹಪ್ಪಳ ಕೆರೆಯತೊಡಗಿದಳು. ಮದುವೆಯ ಬಿಸ್ಕತ್ತು ಈಗ ನನಗೇ ಹೇಳಿದ್ದಾರೆ. ಸವರಿಲ್ಲ ಅಂತ ದೊಡ್ಡಜ್ಜಿಗೆ ಹೇಳಿಬಿಡು ಅಂತ ಮೊಮ್ಮಗಳು ಬೈತಾಳೆ. ಹೇಳಲ್ಲ. ಮೊನ್ನೆ ವಾರಗಿತ್ತಿ ಮನೆಗೆ ಬಂದಿದ್ದಳು. ಬರೆದದ್ದು ಕಾಣದ ಹಾಗೆ ಮೈದಾ ಡಬ್ಬದ ಮುಚ್ಚಳವನ್ನು ಮಗುಚಿಟ್ಟು, ಅವಳಿಗೆ ಕಾಫಿ ಕೊಟ್ಟೆ. ಜೊತೆಗೆ ಎರಡು ಬಿಸ್ಕತ್ತು.