ಹೊಸ ಕಂಪ್ಯೂಟರ್ ಬಂದಮೇಲೆ ಗಟ್ಟಿಯಾದ ಉಕ್ಕು

ಫಲಿತಾಂಶ ಕೆಟ್ಟದಾಗಿ ಬಂದರೆ ಮಿಷನ್ ಸರಿಯಿಲ್ಲ ಅನ್ನುವವರು ಊರು ತುಂಬಾ ಇದ್ದಾರೆ. ಶುಗರ್ ಜಾಸ್ತಿ ಬಂದಾಗ ನಾನೂ ಲ್ಯಾಬಿನವರನ್ನೇ ಬೈದವನು. ಆದರೆ ಫಲಿತಾಂಶ ಚೆನ್ನಾಗಿ ಬಂದಾಗ ಮಿಷನ್ ಮೇಲೆ ಅನುಮಾನ ಪಟ್ಟವರನ್ನು ನಾನು ನೋಡಿರುವುದು ಒಬ್ಬರನ್ನೇ. ನನ್ನ ಅಕ್ಕನನ್ನು. ಅವಳ ಬಗ್ಗೆ ಬರೆದೆ ಅಂತ ಗೊತ್ತಾದರೆ ಬೈಯುತ್ತಾಳೆ. ಬೈಯಲಿ.

ಭದ್ರಾವತಿಯಲ್ಲಿ ಭಾವನದೊಂದು ಸಣ್ಣ ಫೌಂಡ್ರಿ ಇದೆ. ಗುಜರಿ ಉಕ್ಕನ್ನು ಕರೆಂಟಿನ ಕುಲುಮೆಯಲ್ಲಿ ಕರಗಿಸಿ, ಟ್ರ್ಯಾಕ್ಟರಿಗೂ ಟ್ರೈಲರಿಗೂ ನಡುವೆ ಹಾಕುವ ಕೊಂಡಿ ಎರಕ ಹೊಯ್ಯುತ್ತಾರೆ. ಹಿಂದಿನ ಕೋಣೆ ಅಕ್ಕನ ರಾಜ್ಯ. ಪ್ರತಿ ಸಲ ಕೊಂಡಿ ಹೊಯ್ದಾಗಲೂ ಅದೇ ಉಕ್ಕಿನಲ್ಲಿ ಬೆರಳು ದಪ್ಪದ ಕೆಲವು ಸರಳುಗಳನ್ನೂ ಹೊಯ್ಯುತ್ತಾರೆ. ಅಕ್ಕ ಅವನ್ನು ಯಂತ್ರಕ್ಕೆ ಕಚ್ಚಿಸಿ, ಮುರಿಯುವ ತನಕ ಎಳೆಸುತ್ತಾಳೆ. ಸರಳು ಎಷ್ಟು ಭಾರಕ್ಕೆ ಮುರಿಯಿತೋ ಅದು ಆ ಕೊಂಡಿಗಳ ಜಾತಕ. ಯಂತ್ರದ ಸೆನ್ಸರಿನಿಂದ ಬರುವ ವೋಲ್ಟೇಜನ್ನು ಅಂಕಿ ಮಾಡಿ ಕಂಪ್ಯೂಟರಿಗೆ ಕೊಡುವುದು ಒಂದು ಅಂಗೈಯಗಲದ ಡೇಟಾ ಕಾರ್ಡ್.

ಹಳೆಯ ಕಂಪ್ಯೂಟರ್ ಕೈಕೊಟ್ಟಾಗ ನನಗೆ ಕರೆ ಬಂತು. ಶಿವಮೊಗ್ಗದಲ್ಲಿ ನನ್ನದು ಕಂಪ್ಯೂಟರ್ ಅಂಗಡಿ. ಅಷ್ಟು ಹಳೆಯ ಕಾರ್ಡಿಗೆ ಈಗಿನ ಬೋರ್ಡುಗಳಲ್ಲಿ ಜಾಗವೇ ಇರುವುದಿಲ್ಲ. ಹುಡುಕಿ ಹುಡುಕಿ ಜಾಗವಿರುವ ಬೋರ್ಡೊಂದನ್ನು ತರಿಸಿ, ಜೋಡಿಸಿ, ಭದ್ರಾವತಿಗೆ ಒಯ್ದೆ. ಮೊದಲಿಗೆ ಕಂಪ್ಯೂಟರ್ ಕಾರ್ಡಿನ ಗುರುತೇ ಹಿಡಿಯಲಿಲ್ಲ. ಕಾರ್ಡ್ ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ ಮತ್ತೆ ಕೂರಿಸಿದೆ. ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಹೊಸದು ಹಾಕಿದೆ. ಆಮೇಲೆ ಗುರುತು ಹಿಡಿಯಿತು. ಭಾವ ಕಂಪ್ಯೂಟರಿಗೆ ಕುಂಕುಮವಿಟ್ಟು ಊದುಬತ್ತಿ ಹಚ್ಚಿದ.

ಆ ಹೊತ್ತಿಗೆ ಭಾವನಿಗೆ ದೇವರ ಅಗತ್ಯವೂ ಇತ್ತು. ಹಿಂದಿನ ಎರಡು ಸಲದ ಸರಳುಗಳು ಬೇಕಾದ ಭಾರಕ್ಕಿಂತ ಸ್ವಲ್ಪ ಮೊದಲೇ ಮುರಿದಿದ್ದವು. ಆ ಕೊಂಡಿಗಳೆಲ್ಲ ವಾಪಸ್ ಕುಲುಮೆಗೆ ಹೋಗಿದ್ದವು. ಈ ಸಲ ಗುಜರಿ ಬದಲಾಯಿಸಿದ್ದ, ಕಾಯಿಸುವ ಕ್ರಮ ಬದಲಾಯಿಸಿದ್ದ. ಹೊಳೆಹೊನ್ನೂರಿನ ಟ್ರೈಲರ್ ಕಟ್ಟುವವರು ದಿನಾ ಫೋನ್ ಮಾಡುತ್ತಿದ್ದರು.

ಅಕ್ಕ ಹೊಸ ಕಂಪ್ಯೂಟರಿನಲ್ಲಿ ಸರಳುಗಳನ್ನು ಮುರಿದಳು. ಎಲ್ಲವೂ ಪಾಸ್, ಅದೂ ಸುಖವಾಗಿ. ಭಾವ ಅಲ್ಲೇ ಫೋನ್ ತೆಗೆದು, "ಸಂಜೆ ಗಾಡಿ ಕಳ್ಸಿ ಸ್ವಾಮಿ, ಮಾಲು ರೆಡಿ" ಅಂದ. ನನ್ನ ಬೆನ್ನಿಗೂ ಒಂದು ಗುದ್ದಿದ. "ನಿನ್ನ ಕಂಪ್ಯೂಟರ್ ಕಾಲ್ಗುಣ ಚೆನ್ನಾಗಿದೆ ಮಾರಾಯ!"

ಅಕ್ಕ ಮಾತ್ರ ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ ಕಪಾಟಿನಿಂದ ಒಂದು ಹಳೇ ಬಿಸ್ಕತ್ತಿನ ಡಬ್ಬಿ ತೆಗೆದಳು. ಎಂದೋ ಒಂದು ಒಳ್ಳೆಯ ಎರಕದಲ್ಲಿ ಮಿಕ್ಕ ಸರಳುಗಳವು. ಎಷ್ಟಕ್ಕೆ ಮುರಿಯುತ್ತವೆ ಎಂದು ಅವಳಿಗೆ ಬಾಯಿಪಾಠ. ಒಂದನ್ನು ಯಂತ್ರಕ್ಕೆ ಕಚ್ಚಿಸಿ ಎಳೆಸಿದಳು. ಠಪ್ ಎಂದು ಮುರಿಯಿತು. ಪರದೆಯ ಅಂಕಿ ಎಂದಿಗಿಂತ ಮೇಲಿತ್ತು.

"ರೀ, ಡಬ್ಬೀಲಿಟ್ಟ ಉಕ್ಕು ಕೂತಲ್ಲೇ ಗಟ್ಟಿಯಾಗತ್ತಾ? ಉಪ್ಪಿನಕಾಯಿನಾ ಇದು, ಇಟ್ಟಷ್ಟೂ ಚೆನ್ನಾಗಾಗಕ್ಕೆ?"

"ಮೊದಲಿನ ಕಂಪ್ಯೂಟರೇ ಕಮ್ಮಿ ತೋರಿಸ್ತಿತ್ತೇನೋ ಮಾರಾಯ್ತಿ."

"ಇರಬಹುದು. ಯಾವುದು ಸುಳ್ಳು ಅಂತ ಗೊತ್ತಾಗೋವರೆಗೂ ಮಾಲು ಎತ್ತಂಗಿಲ್ಲ."

ಭಾವ ನನ್ನ ಕಡೆ ತಿರುಗಿದ. "ನಿಮ್ಮಕ್ಕನ್ನ ತ್ಯಾವರೆಕೊಪ್ಪದ ಸಫಾರೀಲಿ ಬಿಟ್ರೆ ಹುಲಿನೇ ಬೋನೊಳಗೆ ಹೋಗಿ ಬಾಗಿಲು ಹಾಕ್ಕೊಳತ್ತೆ ಕಣೋ."

ನಾನಾಗಿದ್ದರೆ ಆ ಹೊತ್ತಿಗೆ ಕೇಬಲ್ ಬದಲಾಯಿಸಿ, ಡ್ರೈವರ್ ಮತ್ತೆ ಹಾಕಿ, ಕಾರ್ಡ್ ಕಿತ್ತು, ಎಲ್ಲ ಒಟ್ಟಿಗೇ ಮಾಡುತ್ತಿದ್ದೆ. ನಮ್ಮ ಅಂಗಡಿಯ ಪದ್ಧತಿಯೇ ಅದು. ಸರಿಹೋದರೆ ಯಾವುದರಿಂದ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಕೇಬಲ್ಲಿಗೆ ಕೈ ಹಾಕಿದವನ ಕೈಗೆ ಅಕ್ಕ ಪಟ್ಟಂತ ಹೊಡೆದಳು. "ಒಂದು ಸಲಕ್ಕೆ ಒಂದೇ ಮುಟ್ಟಬೇಕು. ಎಲ್ಲಾ ಕೆದಕಿದ್ರೆ ಕಳ್ಳ ಸಿಗಲ್ಲ."

ಮೊದಲು ಸೆನ್ಸರಿನ ತಂತಿಗಳನ್ನು ಕಾರ್ಡಿನಿಂದ ಬಿಚ್ಚಿದಳು. ಕಾರ್ಡಿನ ಕಡೆ ಉಳಿದ ಎರಡು ತುದಿಗಳನ್ನು ಒಂದಕ್ಕೊಂದು ಸೇರಿಸಿದಳು. ಈಗ ಅಳೆಯಲು ಏನೂ ಇಲ್ಲ, ಪರದೆಯ ಗೆರೆ ಸೊನ್ನೆಯ ಮೇಲೆ ನಿಂತ ನೀರಿನ ಹಾಗೆ ಇರಬೇಕು. ಆದರೆ ಗೆರೆಯ ತುಂಬ ಗರಿಕೆ ಹುಲ್ಲು ಎದ್ದಿತ್ತು! ಎಲ್ಲಿಂದಲೋ ಬಂದ ಕರೆಂಟಿನ ಚೂರುಪಾರು. ಯಂತ್ರದ ಸಾಫ್ಟ್‌ವೇರ್ ಹಿಡಿದಿಟ್ಟುಕೊಳ್ಳುವುದು ಬಂದವುಗಳಲ್ಲಿ ಅತಿ ದೊಡ್ಡ ಅಂಕಿಯನ್ನು. ಅಂದರೆ ಸರಳಿನ ನಿಜವಾದ ಬಲದ ಮೇಲೆ ಅತಿ ಉದ್ದದ ಹುಲ್ಲನ್ನೂ ಸೇರಿಸಿ ಬರೆದುಕೊಳ್ಳುತ್ತಿತ್ತು.

"ರೀ, ಕುಲುಮೆ ಒಂದ್ ಗಳಿಗೆ ಆಫ್ ಮಾಡಿಸ್ತೀರಾ?"

"ಒಳಗೆ ಉಕ್ಕು ಕುದೀತಿದೆ ಕಣೇ! ಈಗ ಆಫ್ ಮಾಡಿದ್ರೆ ಗಟ್ಟಿಯಾಗಿ ಕೂರತ್ತೆ. ಅದನ್ನ ನಿಮ್ಮಪ್ಪ ಬಂದು ಒಡೀತಾರಾ?"

"ಸರಿ, ಹೊಯ್ದು ಮುಗೀಲಿ. ಕಾಯ್ತೀನಿ."

ಕಾದಳು. ಹೊಳೆಹೊನ್ನೂರಿನ ಗಾಡಿ ಹೊರಟಿದೆ ಎಂದು ಫೋನ್ ಬಂತು. ಭಾವ ಹೊರಗೂ ಒಳಗೂ ಓಡಾಡುತ್ತಿದ್ದ. ಅಕ್ಕ ತಣ್ಣಗೆ ಕೂತು ಅವಲಕ್ಕಿ ತಿಂದಳು, ನನಗೂ ಕೊಟ್ಟಳು. ಕಡೆಗೆ ಉಕ್ಕನ್ನೆಲ್ಲ ಅಚ್ಚಿಗೆ ಸುರಿದು ಕುಲುಮೆಯ ಕರೆಂಟ್ ತೆಗೆದರು. ಗುಂಯ್ ಅನ್ನುತ್ತಿದ್ದ ಶೆಡ್ಡು ಸುಮ್ಮನಾಯಿತು. ಪರದೆಯ ಹುಲ್ಲೂ ಮಲಗಿತು.

"ಸಿಕ್ಕಿದ. ಡ್ರೈವರಿನ ಸೆಟ್ಟಿಂಗ್ ತೆಗಿಯೋ ಈಗ."

ತೆಗೆದೆ. ಈ ಕಾರ್ಡಿಗೆ ಅಳೆಯುವ ದಾರಿ ಎರಡು. ಸೆನ್ಸರಿನ ಎರಡೂ ತಂತಿಗಳ ನಡುವಿನ ವ್ಯತ್ಯಾಸ ಅಳೆಯಬಹುದು, ಇಲ್ಲವೇ ಒಂದೇ ತಂತಿಯನ್ನು ಭೂಮಿಗೆ, ಅಂದರೆ ಅರ್ಥಿಂಗಿಗೆ, ಹೋಲಿಸಿ ಅಳೆಯಬಹುದು. ಹಳೆಯದರಲ್ಲಿ ಇದ್ದದ್ದು ಮೊದಲಿನದು. ಹೊಸ ಡ್ರೈವರ್ ಯಾರನ್ನೂ ಕೇಳದೆ ಎರಡನೆಯದನ್ನು ಹಿಡಿದು ಕೂತಿತ್ತು. ನಾನೋ, ನೆಕ್ಸ್ಟ್ ನೆಕ್ಸ್ಟ್ ಒತ್ತಿಕೊಂಡು ಬಂದವನು.

"ಅಲ್ಲಕ್ಕಾ, ಅದರಿಂದ ಇಷ್ಟೊಂದು ವ್ಯತ್ಯಾಸ ಆಗತ್ತಾ?"

"ಇಬ್ಬರಲ್ಲಿ ಯಾರು ಎತ್ತರ ಅಂತ ನೋಡಕ್ಕೆ ಪಕ್ಕಪಕ್ಕ ನಿಲ್ಲಿಸ್ತೀಯೋ, ಓಡೋ ಬಸ್ಸಲ್ಲಿ ಒಬ್ಬನ್ನ ನಿಲ್ಲಿಸಿ ರಸ್ತೆಯಿಂದ ಟೇಪ್ ಹಿಡೀತೀಯೋ? ಕುಲುಮೆ ಹಚ್ಚಿದ್ರೆ ಇಲ್ಲಿ ಭೂಮಿನೇ ಕುಣಿಯತ್ತೆ."

ಸೆಟ್ಟಿಂಗ್ ಬದಲಾಯಿಸಿದೆ. ಕುಲುಮೆ ಮತ್ತೆ ಹಚ್ಚಿಸಿದಳು. ಗೆರೆ ಅಲುಗಾಡಲಿಲ್ಲ. ಸೆನ್ಸರ್ ಜೋಡಿಸಿ ಡಬ್ಬಿಯ ಇನ್ನೊಂದು ಸರಳು ಮುರಿದಳು. ಅದರ ಬಾಯಿಪಾಠದ ಅಂಕಿಯೇ ಬಂತು. ಆಮೇಲೆ, ಈ ಸಲದ ಎರಕದಲ್ಲಿ ಮುರಿಯದೆ ಎತ್ತಿಟ್ಟಿದ್ದ ಸರಳುಗಳನ್ನು ತೆಗೆದಳು. ಭಾವ ಬಾಗಿಲಲ್ಲಿ ನಿಂತಿದ್ದ.

ಒಂದು ಮುರಿಯಿತು. ಕಮ್ಮಿ. ಇನ್ನೊಂದು ಮುರಿಯಿತು. ಅದೂ ಕಮ್ಮಿ. ಹಿಂದಿನ ಸಲಕ್ಕಿಂತ ವಾಸಿ, ಆದರೆ ಸಾಲದು.

"ಕೂದಲೆಳೆ ಅಷ್ಟೇ ಅಲ್ವೇನೇ," ಅಂದ ಭಾವ, ಬೇಡುವ ದನಿಯಲ್ಲಿ.

ಅಕ್ಕ ದನಿ ಏರಿಸಲಿಲ್ಲ. "ಭತ್ತದ ಮೂಟೆ ಮೇಲೆ ಜನ ಕೂತಿರ್ತಾರೆ ರೀ. ಏರು ಹತ್ತೋವಾಗ ಕೊಂಡಿ ಕಿತ್ಕೊಂಡ್ರೆ ಟ್ರೈಲರ್ ಹಿಂದಕ್ಕೆ ಹೋಗತ್ತೆ. ಅವರು ನಮ್ಮ ಹತ್ರ ಬಂದು ಅಂಕಿ ಕೇಳಲ್ಲ."

ಭಾವ ಸ್ವಲ್ಪ ಹೊತ್ತು ಮುರಿದ ಸರಳನ್ನು ಕೈಯಲ್ಲಿ ತಿರುಗಿಸಿದ. ಜಗಳವಾಗುತ್ತದೆ ಎಂದುಕೊಂಡೆ. ಆಗಲಿಲ್ಲ. ಫೋನ್ ತೆಗೆದು, "ಸ್ವಾಮಿ, ಗಾಡಿ ವಾಪಸ್ ತಿರುಗಿಸಿ. ಮಾಲು ಆಗಿಲ್ಲ. ಹೂಂ, ನಾನೇ ಹೇಳಿದ್ದೆ, ತಪ್ಪಾಯ್ತು" ಅಂದ. ಆ ಕಡೆಯ ಬೈಗುಳ ನನಗೂ ಕೇಳಿಸುತ್ತಿತ್ತು. ಎಲ್ಲವನ್ನೂ ಹೂಂ ಹೂಂ ಎಂದು ನುಂಗಿದ. ಅಕ್ಕನ ಕಡೆ ಬೆರಳು ತೋರಿಸಲಿಲ್ಲ, ನನ್ನ ಕಂಪ್ಯೂಟರಿನ ಹೆಸರೂ ಎತ್ತಲಿಲ್ಲ. ಆ ಮನುಷ್ಯನ ಮೇಲೂ ನನಗೆ ಗೌರವ ಹುಟ್ಟಿದ್ದು ಆ ಹೊತ್ತಿಗೆ.

ಫೋನ್ ಜೇಬಿಗೆ ಹಾಕಿ, ಅಂಗಿಯ ತೋಳು ಮಡಚಿ, ಮೂಲೆಯಲ್ಲಿದ್ದ ಕೆಂಪು ಬಣ್ಣದ ಡಬ್ಬಿ ಎತ್ತಿಕೊಂಡ. ಕರಗಿಸಬೇಕಾದ ಮಾಲಿಗೆ ಅಲ್ಲಿ ಹಚ್ಚುವುದು ಆ ಬಣ್ಣವನ್ನೇ. ಅಂಗಳದಲ್ಲಿ ಸಾಲಾಗಿ ಜೋಡಿಸಿದ್ದ ಕೊಂಡಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದಕ್ಕೂ ಗೀರು ಎಳೆಯತೊಡಗಿದ.

"ಏನ್ ನೋಡ್ತಾ ನಿಂತೆ ಮಾರಾಯ? ಅಲ್ಲಿ ಇನ್ನೊಂದು ಬ್ರಷ್ ಇದೆ, ತಗೊಂಡು ಬಾ."

ಅಷ್ಟರಲ್ಲಿ ಅಕ್ಕ ಆ ಬ್ರಷ್ ಹಿಡಿದು ಆಚೆ ಸಾಲಿನ ತುದಿಯಲ್ಲಿ ಕೂತಾಗಿತ್ತು.